ಜಜ್ಜಿದರೆ ಘಮ: ಬೆಳ್ಳುಳ್ಳಿ ಬೆಣ್ಣೆಯ ವಿಜ್ಞಾನ



ಸಂತೆಯಲ್ಲಿ ಬೆಳ್ಳುಳ್ಳಿ ಕೇಳುವಾಗ ನೀವೆಲ್ಲ ಒಂದೇ ಹೆಸರು ಹೇಳೋದಿಲ್ಲ. ಸೊಲ್ಲಾಪುರ, ಜತ್ತದ ಕಡೆಯವರು ‘ಲಸೂಣ’ ಅಂತೀರಿ. ಕಾಸರಗೋಡಿನವರು ‘ವೆಳುತ್ತುಳ್ಳಿ’, ಹೊಸೂರು, ತಾಳವಾಡಿಯವರು ‘ಪೂಂಡು’, ಆದೋನಿ, ರಾಯದುರ್ಗದವರು ‘ವೆಲ್ಲುಲ್ಲಿ’ ಅಂತೀರಿ. ಹೆಸರು ಯಾವುದೇ ಇರಲಿ, ಮನೆಗೆ ತಂದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಒಂದು ಎಸಳಿನ ಸಿಪ್ಪೆಯನ್ನು ಗಾಯವಾಗದ ಹಾಗೆ ಸುಲಿದು ಮೂಸಿ ನೋಡಿ. ವಾಸನೆ ತೀರಾ ಕಡಿಮೆ. ಈಗ ಅದನ್ನೇ ಜಜ್ಜಿ. ಕ್ಷಣದಲ್ಲಿ ಮೂಗಿಗೆ ಘಾಟು! ಹಾಗಾದ್ರೆ ಇಷ್ಟು ಹೊತ್ತು ಆ ವಾಸನೆ ಎಲ್ಲಿತ್ತು?

ಎಲ್ಲೂ ಇರಲಿಲ್ಲ. ನೀವು ಜಜ್ಜಿದಾಗಲೇ ಅದು ತಯಾರಾಯಿತು. ಈ ಒಂದು ಸಂಗತಿ ಗೊತ್ತಿದ್ದರೆ ಬ್ರೆಡ್ಡಿಗೋ ಪಾವ್‌ಗೋ ಹಚ್ಚಿಕೊಳ್ಳುವ ಬೆಳ್ಳುಳ್ಳಿ ಬೆಣ್ಣೆಯನ್ನು ರುಚಿಯಾಗಿ ಮಾಡಬಹುದು.

ಜೀವಕೋಶದೊಳಗಿನ ಗೋಡೆ

ಬೆಳ್ಳುಳ್ಳಿಯ ಜೀವಕೋಶದಲ್ಲಿ ‘ಅಲಿಯಿನ್’ ಎಂಬ ಗಂಧಕಯುಕ್ತ ವಸ್ತು ಇದೆ. ಅದಕ್ಕೆ ವಾಸನೆ ಇಲ್ಲ. ಅದೇ ಕೋಶದ ರಸದಾನಿಯೊಳಗೆ ‘ಅಲಿಯಿನೇಸ್’ ಎಂಬ ಕಿಣ್ವ ಬೇರೆಯಾಗಿ ಕೂತಿರುತ್ತದೆ. ನಡುವೆ ಪೊರೆ ಇರುವ ತನಕ ಇವೆರಡೂ ಸೇರುವುದಿಲ್ಲ. ಕುಟ್ಟಾಣಿಯ ಪೆಟ್ಟಿಗೆ ಪೊರೆ ಹರಿದಾಗ ಕಿಣ್ವವು ಅಲಿಯಿನ್ ಮೇಲೆ ಕೆಲಸ ಮಾಡಿ ‘ಅಲಿಸಿನ್’ ಹುಟ್ಟುತ್ತದೆ. ಘಾಟು, ಖಾರ ಎರಡೂ ಮುಖ್ಯವಾಗಿ ಇದರದ್ದೇ. 1944ರಲ್ಲಿ ಅಮೆರಿಕದ ಚೆಸ್ಟರ್ ಕವಲೀಟೋ ಮತ್ತು ಜಾನ್ ಬೈಲಿ ಅಲಿಸಿನ್ ಅನ್ನು ಬೇರ್ಪಡಿಸಿ ತೋರಿಸಿದರು. ಕಡಿಯಲು ಬರುವ ಕೀಟಗಳಿಂದ ಪಾರಾಗಲು ಗಿಡ ಕಟ್ಟಿಕೊಂಡ ರಕ್ಷಣೆ ಇದು. ನಮಗೆ ಮಾತ್ರ ಒಗ್ಗರಣೆಯ ಘಮ!

ಕಿಣ್ವ ಒಂದು ಪ್ರೋಟೀನ್ ಎಂದು ನೀವು ಓದಿದ್ದೀರಿ. ಬಿಸಿ ಹೆಚ್ಚಾದರೆ ಅದು ಕೆಡುತ್ತದೆ, ಹುಳಿ ಹೆಚ್ಚಾದರೂ ಕೆಲಸ ನಿಲ್ಲಿಸುತ್ತದೆ. ಅದಕ್ಕೇ ಇಡೀ ಎಸಳನ್ನು ಬೇಯಿಸಿದರೆ ಘಾಟು ಬರುವುದಿಲ್ಲ, ಮೆತ್ತಗಿನ ಸಿಹಿ ರುಚಿ ಬರುತ್ತದೆ. ಮೊದಲು ಜಜ್ಜಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಿಸಿ ಮಾಡಿದರೆ ಪರಿಮಳ ಉಳಿಯುತ್ತದೆ.

ಬೆಣ್ಣೆಯೇ ಯಾಕೆ?

ಅಂಗಡಿಯ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, 16 ಭಾಗದಷ್ಟು ನೀರು ಇರುತ್ತದೆ. ಕೊಬ್ಬಿನ ನಡುವೆ ನೀರಿನ ಅತಿ ಸಣ್ಣ ಹನಿಗಳು ಹರಡಿಕೊಂಡಿರುತ್ತವೆ. ಬೆಳ್ಳುಳ್ಳಿಯ ಪರಿಮಳದ ವಸ್ತುಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಬೆಣ್ಣೆ ಆ ಪರಿಮಳವನ್ನು ಹಿಡಿದಿಟ್ಟುಕೊಂಡು ತುತ್ತು ತುತ್ತಿಗೂ ನಾಲಗೆಗೆ ತಲುಪಿಸುತ್ತದೆ.

ಬೆಣ್ಣೆ ಮೆತ್ತಗಿರಬೇಕು, ಕರಗಬಾರದು. ಅದು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಹೊರಗಿಟ್ಟ ಬೆಣ್ಣೆ ಎಣ್ಣೆಯಾಗುತ್ತದೆ, ನೀಲಗಿರಿಯ ಚಳಿಯಲ್ಲಿ ಚಾಕುವಿಗೂ ಬಗ್ಗೋದಿಲ್ಲ. ಕರಗಿದ ಬೆಣ್ಣೆಯಲ್ಲಿ ನೀರು ಬೇರೆ, ಕೊಬ್ಬು ಬೇರೆ ಆಗುತ್ತದೆ. ಮತ್ತೆ ಗಟ್ಟಿಯಾದರೂ ಮೊದಲಿನ ನುಣುಪು ಬರುವುದಿಲ್ಲ, ತರಿತರಿಯಾಗುತ್ತದೆ.

ಮಾಡುವ ವಿಧಾನ

ಬೇಕಾದದ್ದು: ಬೆಣ್ಣೆ 100 ಗ್ರಾಂ, ಬೆಳ್ಳುಳ್ಳಿ 8 ಎಸಳು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು 2 ಚಮಚ, ಚಿಟಿಕೆ ಮೆಣಸಿನ ಪುಡಿ, ನಿಂಬೆರಸ ಅರ್ಧ ಚಮಚ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆ ಹೋಗುವಂತೆ ತೊಳೆದು, ನೀರು ಹಿಂಡಿ, ಕಾಲು ಚಮಚ ಉಪ್ಪು ಸೇರಿಸಿ.

1. ಬೆಳ್ಳುಳ್ಳಿಯನ್ನು ನುಣ್ಣಗೆ ಜಜ್ಜಿ 10 ನಿಮಿಷ ಹಾಗೇ ಬಿಡಿ. ಕಿಣ್ವಕ್ಕೆ ಕೆಲಸ ಮಾಡಲು ಸಮಯ ಬೇಕು.
2. ಮೆತ್ತಗಾದ ಬೆಣ್ಣೆಯನ್ನು ಚಮಚದಿಂದ ನಾದಿ ಬೆಳ್ಳುಳ್ಳಿ, ಸೊಪ್ಪು, ಮೆಣಸು ಸೇರಿಸಿ.
3. ನಿಂಬೆರಸ ಕೊನೆಗೇ ಹಾಕಿ. ಮೊದಲೇ ಹಾಕಿದರೆ ಹುಳಿಯು ಕಿಣ್ವವನ್ನು ತಡೆಯುತ್ತದೆ. ಹುಳಿ ತಾಗಿದ ಬೆಳ್ಳುಳ್ಳಿ ಕೆಲವೊಮ್ಮೆ ನೀಲಿ-ಹಸಿರಾಗುತ್ತದೆ. ಹೆದರಬೇಡಿ, ಆ ಬಣ್ಣದಿಂದ ಅಪಾಯವಿಲ್ಲ.
4. ಪಾವ್‌ಗೆ ಹಚ್ಚಿ, ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಬಿಸಿ ಮಾಡಿ. ಒಲೆ ಹಚ್ಚುವಾಗ ದೊಡ್ಡವರು ಜೊತೆಗಿರಲಿ.

‘ಚುರ್’ ಎಂಬ ಸದ್ದು ಬೆಣ್ಣೆಯೊಳಗಿನ ನೀರು ಕುದಿಯುವ ಸದ್ದು. ನೀರು ಆರಿ ಸದ್ದು ಇಳಿದ ಮೇಲೆ ಶಾಖ 100 ಡಿಗ್ರಿ ದಾಟುತ್ತದೆ, ಪಾವ್ ಕೆಂಪಾಗುತ್ತದೆ. ಪ್ರೋಟೀನಿನ ಅಂಶ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿ ಆಗುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿಯ ಹೆಸರಿನಿಂದ ‘ಮೆಯಾರ್ ಕ್ರಿಯೆ’ ಎನ್ನುತ್ತಾರೆ. ಉರಿ ಜಾಸ್ತಿಯಾದರೆ ಬೆಳ್ಳುಳ್ಳಿ ಕರಕಲಾಗಿ ಕಹಿಯಾಗುತ್ತದೆ.

ಉಳಿದದ್ದನ್ನು ಹೊರಗಿಡಬೇಡಿ

ಈ ಭಾಗವನ್ನು ಮನೆಯವರಿಗೂ ಓದಿ ಹೇಳಿ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವಂಥದ್ದು. ಮಣ್ಣಿನಲ್ಲಿರುವ ‘ಕ್ಲಾಸ್ಟ್ರಿಡಿಯಂ ಬೊಟುಲಿನಂ’ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅದಕ್ಕೆ ಅಂಟಿಕೊಂಡಿರಬಹುದು. ಗಾಳಿಯಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆ, ಬೆಣ್ಣೆಯೊಳಗೆ ಹೂತುಹೋದರೆ ಆಮ್ಲಜನಕ ಸಿಗುವುದಿಲ್ಲ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ! ಹುಳಿ ಕಡಿಮೆ, ತೇವ ಇದೆ, ಬೆಚ್ಚಗಿದೆ ಅಂದ್ರೆ ಅದು ಬೆಳೆದು ನರಗಳಿಗೆ ತಾಗುವ ವಿಷ ಮಾಡುತ್ತದೆ. ದೃಷ್ಟಿ ಮಂಜಾಗಿ, ನುಂಗಲು ಕಷ್ಟವಾಗಿ, ಕೊನೆಗೆ ಉಸಿರಾಟವೇ ನಿಲ್ಲಬಹುದು. ಆ ವಿಷವನ್ನು ಬಣ್ಣ, ವಾಸನೆ, ರುಚಿಯಿಂದ ಗುರುತಿಸಲಾಗದು.

ಇದು ಬರೀ ಊಹೆ ಅಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿ ಹಾಕಿ ಹೊರಗಿಟ್ಟಿದ್ದ ಬೆಳ್ಳುಳ್ಳಿಯಿಂದ 36 ಜನ ಕಾಯಿಲೆ ಬಿದ್ದರು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಮೂವರಿಗೆ ಇದೇ ಕಾಯಿಲೆ ಬಂತು. ಅವರು ತಿಂದದ್ದು ಬೆಳ್ಳುಳ್ಳಿ ಬ್ರೆಡ್. ಆಮೇಲೆ ಅಂಥ ಡಬ್ಬಿಗಳಿಗೆ ಆಮ್ಲ ಸೇರಿಸುವುದು ಅಲ್ಲಿ ಕಡ್ಡಾಯವಾಯಿತು.

‘ಅಜ್ಜಿ ಮಾಡಿದ ಬೆಳ್ಳುಳ್ಳಿ ಉಪ್ಪಿನಕಾಯಿ ವರ್ಷವಿಡೀ ಹೊರಗೇ ಇರ್ತದಲ್ಲ?’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದರಲ್ಲಿ ಉಪ್ಪು, ಹುಳಿ ಎರಡೂ ಜಾಸ್ತಿ. ಪಿಎಚ್ 4.6ಕ್ಕಿಂತ ಕಡಿಮೆಯಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸೊಲ್ಲಾಪುರದ ಶೇಂಗಾ ಚಟ್ನಿಯಲ್ಲೂ ಬೆಳ್ಳುಳ್ಳಿ ಇದೆ, ಆದರೆ ಅದು ಒಣಗಿದ್ದು, ನೀರಿನಂಶ ಕಡಿಮೆ. ನಮ್ಮ ಬೆಣ್ಣೆಗೆ ಈ ಎರಡು ರಕ್ಷಣೆಯೂ ಇಲ್ಲ. ಅರ್ಧ ಚಮಚ ನಿಂಬೆರಸ ರುಚಿಗೆ ಸಾಕು, ರಕ್ಷಣೆಗೆ ಸಾಲದು.

ಆದ್ದರಿಂದ ಫ್ರಿಜ್ ಇದ್ದರೆ ಮುಚ್ಚಿದ ಡಬ್ಬಿಯಲ್ಲಿಟ್ಟು 4 ದಿನದೊಳಗೆ ಮುಗಿಸಿ. ಫ್ರಿಜ್ ಇಲ್ಲದಿದ್ದರೆ ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡಿ. ಎರಡು ಎಸಳು, ಎರಡು ಚಮಚ ಬೆಣ್ಣೆ ಇಬ್ಬರಿಗೆ ಸಾಕು.

ನೀವೇ ಮಾಡಿ ನೋಡಿ

ಒಂದೇ ಗಡ್ಡೆಯಿಂದ ಮೂರು ಸಮ ಗಾತ್ರದ ಎಸಳು ತೆಗೆದುಕೊಳ್ಳಿ. ಮೊದಲನೆಯದನ್ನು 5 ನಿಮಿಷ ಕುದಿಸಿ ಜಜ್ಜಿ. ಎರಡನೆಯದನ್ನು ನಿಂಬೆರಸದ ಜೊತೆಗೇ ಜಜ್ಜಿ. ಮೂರನೆಯದನ್ನು ಹಸಿಯಾಗಿ ಜಜ್ಜಿ 10 ನಿಮಿಷ ಬಿಡಿ. ಪ್ರತಿಯೊಂದನ್ನೂ ಒಂದು ಚಮಚ ಬೆಣ್ಣೆಗೆ ಬೆರೆಸಿ, ಬಟ್ಟಲಿನ ಅಡಿಗೆ ಸಂಖ್ಯೆ ಬರೆಯಿರಿ. ಗೆಳೆಯರು ಕಣ್ಣು ಮುಚ್ಚಿ ಮೂಸಿ, ಘಾಟಿಗೆ 1ರಿಂದ 5ರವರೆಗೆ ಅಂಕ ಕೊಡಲಿ. ಪಟ್ಟಿ ಮಾಡಿ ಸರಾಸರಿ ತೆಗೆಯಿರಿ.

ಯಾವುದಕ್ಕೆ ಅಂಕ ಕಡಿಮೆ ಬಂತು? ಯಾಕೆ? ಕಿಣ್ವ, ಶಾಖ, ಆಮ್ಲ ಎಂಬ ಮೂರು ಪದ ಬಳಸಿ ಐದು ವಾಕ್ಯದಲ್ಲಿ ಬರೆದು ನಿಮ್ಮ ವಿಜ್ಞಾನ ಮೇಷ್ಟ್ರಿಗೋ ಟೀಚರಿಗೋ ತೋರಿಸಿ. ಜೊತೆಗೆ ಬಿಸಿ ಪಾವ್ ಒಂದು ಕೊಟ್ಟರೆ ಅವರೂ ಬೇಡ ಅನ್ನಲಿಕ್ಕಿಲ್ಲ!