ಹೊಗೆಯಿಲ್ಲದ ಬಂಡಿ ಮತ್ತು ಬೆಳಕಿನ ಋಣ

ಮುಂಬಯಿಯ ಬೀದಿಗಳಲ್ಲಿ ಸದ್ದಿಲ್ಲದೆ, ಹೊಗೆಯುಗುಳದೆ ಸಾಗುವ ವಿದ್ಯುತ್ ಬಸ್ಸುಗಳು ಈಗ ನಮ್ಮ ಕಣ್ಣಿಗೆ ರೂಢಿಯಾಗಿವೆ. 2023ರ ಫೆಬ್ರವರಿಯಲ್ಲಿ ಬೆಸ್ಟ್ ಸಂಸ್ಥೆಯ ಎರಡಂತಸ್ತಿನ ವಿದ್ಯುತ್ ಬಸ್ಸು ಓಡತೊಡಗಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಡೀಸೆಲ್ಲಿನಿಂದ ಓಡುತ್ತಿದ್ದ ಹಳೆಯ ಎರಡಂತಸ್ತಿನ ಬಸ್ಸು ನಗರಿಗರಿಂದ ಬೀಳ್ಕೊಂಡಿತು. ಹೊಸ ಯುಗವೊಂದು ಬಂದಿತೆಂದು ಹಲವರು ಹಿಗ್ಗಿದರು. ಹಿಗ್ಗಬೇಕಾದುದೇ ಸರಿ. ಆದರೆ ಈ ನಗರಿಯ ಹಿಂದಣ ಕಥೆಯನ್ನು ಬಲ್ಲವರಿಗೆ, ಇದು ಹೊಸ ಹಾದಿಯಲ್ಲ, ನಡುವೆ ತೊರೆದ ಹಳೆಯ ಹಾದಿಗೆ ಮರಳಿ ಬಂದುದು ಎಂಬ ಮಾತು ಹೊಳೆಯದಿರದು.

1874ರಲ್ಲಿ ಮುಂಬಯಿಯಲ್ಲಿ ಕುದುರೆಗಳು ಎಳೆಯುವ ಟ್ರಾಮು ಆರಂಭವಾಯಿತು. 1907ರಲ್ಲಿ ಕುದುರೆಗಳ ಜಾಗಕ್ಕೆ ವಿದ್ಯುತ್ತು ಬಂದಿತು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1962ರಲ್ಲಿ ತಂತಿಯ ಆಸರೆಯಿಂದ ನಡೆಯುವ ಟ್ರಾಲಿ ಬಸ್ಸುಗಳೂ ಬಂದವು. ಆದರೆ 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮು ತನ್ನ ಪಯಣ ಮುಗಿಸಿತು. 1971ರಲ್ಲಿ ಟ್ರಾಲಿ ಬಸ್ಸುಗಳೂ ನಿಂತವು. ರಸ್ತೆಯ ಮೇಲಿನ ವಿದ್ಯುತ್ ತಂತಿಗಳನ್ನು ಕಳಚಿ ನಾವು ಡೀಸೆಲ್ಲನ್ನು ನೆಚ್ಚಿದೆವು. ಅಂದು ಅದು ಪ್ರಗತಿಯೆನಿಸಿತ್ತು.

ನಮ್ಮವರು ಊರಿಗೆ ಹೋಗುವ ಹಾದಿಯೂ ಇಂಥದೇ ತಿರುವನ್ನು ಕಂಡಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡಾಗ, ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನ ಪರಿಯಂತ ಡೀಸೆಲ್ ಎಂಜಿನ್ನೇ ಗಾಡಿಯನ್ನು ಎಳೆಯುತ್ತಿತ್ತು. ಸುರಂಗಗಳಲ್ಲಿ ಕಿಟಕಿಯೊಳಗೆ ನುಗ್ಗುತ್ತಿದ್ದ ಹೊಗೆಯ ವಾಸನೆ ಹಲವರಿಗೆ ನೆನಪಿರಬಹುದು. 2022ರಲ್ಲಿ ಆ ಮಾರ್ಗದ ವಿದ್ಯುದೀಕರಣ ಸಂಪೂರ್ಣವಾಯಿತು.

ವಿದ್ಯುತ್ತಿನ ಮೇಲ್ಮೆಗೆ ಕಾರಣ ಸರಳವಾದುದು. ಡೀಸೆಲ್ ಎಂಜಿನ್ನು ತಾನು ಉಂಡ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲನ್ನು ಮಾತ್ರ ಗಾಲಿಗೆ ಮುಟ್ಟಿಸಿ, ಉಳಿದುದನ್ನು ಬಿಸಿಯಾಗಿ ಕಳೆದುಬಿಡುತ್ತದೆ. ವಿದ್ಯುತ್ ಮೋಟಾರಾದರೋ ನೂರಕ್ಕೆ 80ಕ್ಕೂ ಮಿಕ್ಕ ಪಾಲನ್ನು ಕೆಲಸಕ್ಕೆ ತಿರುಗಿಸುತ್ತದೆ. ಮೇಲಾಗಿ, ಬ್ರೇಕು ಹಾಕಿದಾಗ ಗಾಲಿಯ ವೇಗವನ್ನೇ ಮರಳಿ ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬಬಲ್ಲುದು. ಹೆಜ್ಜೆಗೊಮ್ಮೆ ನಿಂತು ಹೊರಡುವ ಮುಂಬಯಿಯ ಬಸ್ಸಿಗೆ ಇದೇನು ಸಣ್ಣ ಲಾಭವಲ್ಲ.

ಆದರೆ ಇಲ್ಲಿಗೇ ವಿಚಾರ ಮುಗಿಯಲಿಲ್ಲ. ಬಂಡಿಯ ಬಾಲದಲ್ಲಿ ಹೊಗೆಯಿಲ್ಲವೆಂದ ಮಾತ್ರಕ್ಕೆ ಲೋಕದಲ್ಲಿ ಹೊಗೆಯಿಲ್ಲವೆಂದಾಗದು. ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 70 ಪಾಲು ಕಲ್ಲಿದ್ದಲಿನದು. ಮುಂಬಯಿಗೆ ಬೆಳಕು ಕೊಡುವ ಟ್ರಾಂಬೆ, ಡಹಾಣೂ ಸ್ಥಾವರಗಳಲ್ಲಿಯೂ ಉರಿಯುವುದು ಅದೇ. ನಮ್ಮ ಕರಾವಳಿಯ ಎಲ್ಲೂರಿನಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಸ್ಥಾವರವೊಂದು ಹೊರದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲನ್ನು ನೆಚ್ಚಿ ನಿಂತಿದೆ. ಪೇಟೆಯ ಬೀದಿಯಿಂದ ತೊಲಗಿದ ಹೊಗೆ ಹಳ್ಳಿಯವನ ಅಂಗಳದ ಮೇಲೆ ತೇಲುವುದಾದರೆ, ನಾವು ಶುಚಿಯಾದೆವೆನ್ನುವುದು ಕಸವನ್ನು ನೆರೆಮನೆಯ ಹಿತ್ತಿಲಿಗೆ ಗುಡಿಸಿದಂತಲ್ಲವೆ?

ಹಾಗಾದರೆ ಹೊಗೆಯಿಲ್ಲದ ವಿದ್ಯುತ್ತೆಲ್ಲವೂ ನಿಷ್ಕಳಂಕವೆ? ಈ ಪ್ರಶ್ನೆಗೂ ಮುಂಬಯಿಯ ಚರಿತ್ರೆಯಲ್ಲಿಯೇ ಉತ್ತರವಿದೆ. ಪಶ್ಚಿಮ ಘಟ್ಟದ ಮಳೆನೀರನ್ನು ಕೆರೆಗಳಲ್ಲಿ ಹಿಡಿದು, ಕೊಳವೆಗಳಲ್ಲಿ ಧುಮುಕಿಸಿ, 1915ರಲ್ಲಿ ಖೋಪೋಲಿಯಲ್ಲಿ ಟಾಟಾ ಸಂಸ್ಥೆಯು ವಿದ್ಯುತ್ತನ್ನು ತಯಾರಿಸಿ ಇಲ್ಲಿನ ಬಟ್ಟೆಯ ಗಿರಣಿಗಳಿಗೆ ಕೊಟ್ಟಿತು. ಆ ಗಿರಣಿಗಳಲ್ಲಿ ದುಡಿದ ನಮ್ಮವರೂ ಕಡಿಮೆಯಲ್ಲ. ಮುಂದೆ ಮುಳಶಿಯಲ್ಲಿ ಅಣೆಕಟ್ಟು ಏಳತೊಡಗಿದಾಗ ಹೊಲಮನೆ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳಾಗಿ ನಿಂತ ಪಾಂಡುರಂಗ ಮಹಾದೇವ ಬಾಪಟರು ಜನರ ಬಾಯಲ್ಲಿ ಸೇನಾಪತಿಯಾದರು. ಹೋರಾಟ ಸೋತಿತು; ಕಣಿವೆ ಮುಳುಗಿತು. ಮುಂಬಯಿ ಬೆಳಗಿತು. ಆ ನೀರಿನಲ್ಲಿ ಹೊಗೆಯಿರಲಿಲ್ಲ, ಆದರೆ ಕಣ್ಣೀರಿತ್ತು.

ಈ ಪಾಠವನ್ನು ಕಲಿತಂತೆ ತೋರುವ ಒಂದು ಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. ತುಮಕೂರು ಜಿಲ್ಲೆಯ ಪಾವಗಡ ಬರಗಾಲಕ್ಕೆ ಹೆಸರಾದ ಸೀಮೆ. ಮಳೆಯನ್ನು ಕಾಣದ ಅದೇ ಆಕಾಶ ಬಿಸಿಲನ್ನು ಬೊಗಸೆ ತುಂಬ ಸುರಿಯುತ್ತದೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರ 2019ರ ಕೊನೆಗೆ ಪೂರ್ಣಗೊಂಡಿತು. ಭೂಮಿಯನ್ನು ಸರಕಾರ ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಆಗಿಂದಾಗ್ಗೆ ಆ ಮೊತ್ತ ಏರುವ ಏರ್ಪಾಡೂ ಉಂಟು. ಒಡೆತನ ರೈತನದಾಗಿಯೇ ಉಳಿಯಿತು. ಮುಳಶಿಯ ರೈತನಿಗೆ ಇಂಥ ಮಾತು ಯಾರೂ ಆಡಿರಲಿಲ್ಲ.

ಆದರೂ ಪಾವಗಡದಲ್ಲಿ ನೆಲವಿದ್ದವನಿಗೆ ಗುತ್ತಿಗೆಯ ಹಣ ಬಂತು; ನೆಲವಿಲ್ಲದೆ, ಆ ಹೊಲಗಳಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಹೊಟ್ಟೆ ಹೊರೆಯುತ್ತಿದ್ದವನಿಗೆ ಏನು ಬಂತು? ಗಾಜಿನ ಹಾಳೆಗಳನ್ನು ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ದೊರೆತಿರಬಹುದು; ಬೇಸಾಯದಷ್ಟು ಕೈಗಳನ್ನು ಸೂರ್ಯನ ಕೊಯ್ಲು ಬೇಡುವುದಿಲ್ಲ. ದುಡಿಮೆ ಅರಸಿ ಊರು ಬಿಡುವ ದುಃಖವೇನೆಂದು ವಲಸಿಗರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗುತ್ತಿಗೆಯ ಲೆಕ್ಕದಲ್ಲಿ ಕೂಲಿಯವನ ಹೆಸರನ್ನೂ ಬರೆಯುವ ದಾರಿಯನ್ನು ಮುಂದಿನ ಯೋಜನೆಗಳು ಕಂಡುಕೊಳ್ಳಲೇಬೇಕು.

ಇನ್ನು ನಮ್ಮ ಪಾಲಿನ ಕರ್ತವ್ಯ. ಯಾರ ಹೊಲವನ್ನೂ ಬೇಡದ ಒಂದು ನೆಲ ಮುಂಬಯಿ, ಪುಣೆಗಳಲ್ಲಿ ಹೇರಳವಾಗಿದೆ; ಅದು ನಮ್ಮ ತಲೆಯ ಮೇಲಿನ ಮಾಳಿಗೆ. ಸುಮಾರು ನೂರು ಚದರಡಿಯಲ್ಲಿ ಒಂದು ಕಿಲೋವಾಟ್ ಸಾಮರ್ಥ್ಯದ ಸೌರ ಫಲಕಗಳನ್ನು ಇಡಬಹುದು. ಬಿಸಿಲಿನ ದಿನ ಅದು ನಾಲ್ಕು ಯೂನಿಟ್ಟಿನಷ್ಟು ವಿದ್ಯುತ್ತು ಕೊಡುತ್ತದೆ. ಮಳೆಗಾಲದಲ್ಲಿ ಇಳುವರಿ ಇಳಿಯುವುದು ನಿಜ. ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸೊಸೈಟಿಗಳ ಸಾಮಾನ್ಯ ಉಪಯೋಗಕ್ಕೆ ಕಿಲೋವಾಟಿಗೆ 18,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಲಾಯಿತು. ವಾಹನಗಳ ಚಾರ್ಜಿಂಗೂ ಅದರಲ್ಲಿ ಸೇರಿದೆ. ನಮ್ಮವರು ವಾಸಿಸುವ ಸೊಸೈಟಿಗಳ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಯಾರಾದರೂ ಎತ್ತಬಾರದೇಕೆ? ನಮ್ಮ ಸಂಘಗಳ ಭವನಗಳ ಮಾಳಿಗೆಗಳು ಬರಿದೇ ಬಿಸಿಲು ಕಾಯಬೇಕೇಕೆ?

ಹಿಂದೆ ದೀಪ ಹಚ್ಚುವವರಿಗೆ ಎಣ್ಣೆ ಯಾವ ಗಾಣದ್ದೆಂದು ಗೊತ್ತಿರುತ್ತಿತ್ತು. ಗುಂಡಿ ಒತ್ತಿದೊಡನೆ ಬೆಳಕು ಬರುವ ಕಾಲದಲ್ಲಿ ನಾವು ಆ ಪ್ರಶ್ನೆಯನ್ನು ಮರೆತೆವು. ಹೊಗೆಯಿಲ್ಲದ ಬಂಡಿಯೇರುವಾಗಲಾದರೂ ಅದನ್ನು ಮತ್ತೆ ಕೇಳಿಕೊಳ್ಳೋಣ. ಋಣವನ್ನು ಬಲ್ಲವನು ಮಾತ್ರ ಅದನ್ನು ತೀರಿಸಬಲ್ಲ.