ಸೆಕೆಂಡ್ ಹ್ಯಾಂಡ್ ಐಷಾರಾಮಿ ಎಲೆಕ್ಟ್ರಿಕ್ ಕಾರು: ಕೊಳ್ಳುವ ಮುನ್ನ ನೋಡಬೇಕಾದ್ದೇನು?

ಮರ್ಸಿಡಿಸ್ ಬೆಂಜ್ ಇಕ್ಯೂಸಿ 2020ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂತು. ಮರುವರ್ಷ ಜಾಗ್ವಾರ್ ಐ-ಪೇಸ್, ಆಡಿ ಇ-ಟ್ರಾನ್ ಬಂದವು. ಮೂರೂ ಕಾರುಗಳ ಷೋರೂಮ್ ಬೆಲೆ ಆಗ ಹೆಚ್ಚೂಕಡಿಮೆ ಒಂದು ಕೋಟಿ ರೂಪಾಯಿ. ಈಗ ಇವೇ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದರ ಅರ್ಧದ ಆಸುಪಾಸಿಗೆ ಸಿಗುತ್ತಿವೆ. ಕಾರು ಹೊಳೆಯುತ್ತಿರುತ್ತದೆ, ಓಡಿದ್ದೂ ಕಡಿಮೆ ಇರುತ್ತದೆ. ಸಹಜವಾಗಿಯೇ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನ ವ್ಯಾಪಾರಸ್ಥ ಕುಟುಂಬಗಳ ಕಣ್ಣು ಅತ್ತ ಹೋಗುತ್ತದೆ.

ಬೆಲೆ ಇಷ್ಟು ಇಳಿಯಲು ಕಾರಣವಿದೆ. ಇಕ್ಯೂಸಿಯ ಬ್ಯಾಟರಿ 80 ಯುನಿಟ್‌ನದು (ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯುನಿಟ್ಟೇ ಇದು). 2024ರ ಕೊನೆಯಲ್ಲಿ ಬಂದ ಮಹೀಂದ್ರಾ ಎಕ್ಸ್‌ಇವಿ 9ಇ 79 ಯುನಿಟ್ ಬ್ಯಾಟರಿಯನ್ನು ಹೊಸ ಕಾರಿನಲ್ಲೇ 30 ಲಕ್ಷದ ಆಸುಪಾಸಿಗೆ ಕೊಟ್ಟಿತು. ಬ್ಯಾಟರಿ ಅಗ್ಗವಾದಾಗ ಹಳೆಯ ಬ್ಯಾಟರಿ ಹೊತ್ತ ಕಾರಿನ ಬೆಲೆಯೂ ಇಳಿಯಲೇಬೇಕು. ಆದ್ದರಿಂದ ಇಲ್ಲಿ ನಿಜವಾಗಿ ಕೊಳ್ಳುತ್ತಿರುವುದು ಬ್ಯಾಟರಿಯನ್ನು ಮತ್ತು ಅದರ ಉಳಿದ ವಾರಂಟಿಯನ್ನು. ವಾರಂಟಿ ಮುಗಿದ ಮೇಲೆ ಇಡೀ ಬ್ಯಾಟರಿ ಬದಲಿಸುವ ಪ್ರಸಂಗ ಬಂದರೆ ಕಾರಿಗೆ ಕೊಟ್ಟ ಹಣದ ದೊಡ್ಡ ಪಾಲೇ ಮತ್ತೊಮ್ಮೆ ಕೈಬಿಡಬಹುದು.

ಈ ಮೂರೂ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಎಣಿಕೆ ಶುರುವಾಗುವುದು ಕಾರು ಮೊದಲ ಮಾಲೀಕರ ಕೈಸೇರಿದ ದಿನದಿಂದ. 2021ರಲ್ಲಿ ಮಾರಾಟವಾದ ಕಾರಿನ ವಾರಂಟಿ, ಅದು ಎಷ್ಟು ಕೈ ಬದಲಾಗಿದ್ದರೂ, 2029ಕ್ಕೆ ಮುಗಿಯುತ್ತದೆ. ಸಾಮರ್ಥ್ಯ ಸಾಮಾನ್ಯವಾಗಿ ಶೇ. 70ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಕಂಪನಿ ಹೊಣೆ ಹೊರುತ್ತದೆ. ಶೇ. 72ಕ್ಕೆ ಇಳಿದ ಬ್ಯಾಟರಿ ಕಂಪನಿಯ ಲೆಕ್ಕದಲ್ಲಿ ಸರಿಯಾಗಿಯೇ ಇದೆ! ಇನ್ನೊಂದು ಮಾತು, ಬ್ಯಾಟರಿ ವಾರಂಟಿ ಎಂದರೆ ಕಾರಿನ ವಾರಂಟಿಯಲ್ಲ. ಏರ್ ಸಸ್ಪೆನ್ಷನ್, ಎಸಿ ಕಂಪ್ರೆಸರ್, ಪರದೆಗಳು ಕೆಟ್ಟರೆ ಖರ್ಚು ಮಾಲೀಕರದೇ. ಚಾಸಿಸ್ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಿಂದ ವಾರಂಟಿ ಸ್ಥಿತಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಮಾರುವವರ ಬಾಯಿಮಾತು ಸಾಲದು.

ಬ್ಯಾಟರಿ ಸವೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. 80 ಯುನಿಟ್ ಬ್ಯಾಟರಿ, ಯುನಿಟ್‌ಗೆ 4 ಕಿ.ಮೀ. ಎಂದು ಹಿಡಿದರೆ ಹೊಸದರಲ್ಲಿ 320 ಕಿ.ಮೀ. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿ.ಮೀ.; ಬಾಹುಬಲಿ ಸ್ವಾಮಿಯ ದರ್ಶನ ಮಾಡಿ 290 ಕಿ.ಮೀ. ಮುಗಿಸಿ ಚಾರ್ಜ್ ಮಾಡದೆ ಮನೆ ಸೇರಬಹುದು. ಬ್ಯಾಟರಿ ಶೇ. 85ಕ್ಕೆ ಇಳಿದಿದ್ದರೆ ಸಿಗುವುದು 272 ಕಿ.ಮೀ. ಮಾತ್ರ, ದಾರಿಯಲ್ಲಿ ನಿಲ್ಲಲೇಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವಿರುವ ಮನೆಯಲ್ಲಿ ಈ ನಿಲುಗಡೆ ಸಣ್ಣ ವಿಷಯವಲ್ಲ. ಚಾರ್ಜರ್ ಮುಂದೆ ಸರದಿ ಇದ್ದರಂತೂ ಸಂಜೆಯ ಲೆಕ್ಕವೇ ತಪ್ಪುತ್ತದೆ. ಧರ್ಮಸ್ಥಳ, ಮೂಡುಬಿದಿರೆಗೆ ಹೋಗುವಾಗ ಘಾಟಿ ಇಳಿಯುತ್ತಾ ಬ್ಯಾಟರಿಗೆ ಸ್ವಲ್ಪ ಚಾರ್ಜ್ ಮರಳುತ್ತದೆ. ಹಿಂದಿರುಗುವಾಗ ಅದೇ ಘಾಟಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಮೀಟರ್ ಬೋರ್ಡಿನಲ್ಲಿ ಕಾಣುವ ಕಿ.ಮೀ. ನೋಡಿ ಬ್ಯಾಟರಿಯ ಆರೋಗ್ಯ ಅಳೆಯಲಾಗದು. ಅದು ಹಿಂದಿನ ಕೆಲವು ಓಡಾಟಗಳ ಮೇಲೆ ಕಾರು ಮಾಡುವ ಅಂದಾಜು. ಸರ್ವಿಸ್ ಕೇಂದ್ರದಲ್ಲಿ ‘ಸ್ಟೇಟ್ ಆಫ್ ಹೆಲ್ತ್’ ವರದಿ ತೆಗೆಸುವುದೇ ಸರಿ. ಜೊತೆಗೆ ಸ್ವಂತ ಪರೀಕ್ಷೆಯೂ ಸಾಧ್ಯ. ಪೂರ್ತಿ ಚಾರ್ಜ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಚಾರ್ಜ್ ಶೇ. 50ಕ್ಕೆ ಇಳಿಯುವವರೆಗೆ ಓಡಿಸಬೇಕು. ಕಾರು ತೋರಿಸುವ ಸರಾಸರಿ ಬಳಕೆಯಿಂದ ಎಷ್ಟು ಯುನಿಟ್ ಖರ್ಚಾಯಿತೆಂದು ತಿಳಿಯುತ್ತದೆ. 34 ಯುನಿಟ್ ಆಗಿದ್ದರೆ ಇಡೀ ಬ್ಯಾಟರಿ ಸುಮಾರು 68 ಯುನಿಟ್‌ಗೆ ಇಳಿದಿದೆ ಎಂದರ್ಥ. ಅರ್ಧ ದಿನ ಹೋಗುತ್ತದೆ ನಿಜ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರನ್ನು ಬಿಡುವುದೇ ಲೇಸು.

ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ತಳಭಾಗ ನೋಡಬೇಕು. ಬ್ಯಾಟರಿ ಇರುವುದೇ ಅಲ್ಲಿ. ನಮ್ಮ ರಸ್ತೆಯ ಹಂಪುಗಳು ತಾಗುವುದೂ ಅಲ್ಲಿಗೇ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. ಹೀಗಾಗಿ ವಿಮೆ ಕ್ಲೇಮ್ ಇತಿಹಾಸ ಕೇಳಬೇಕು, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ಇದೆಯೇ ನೋಡಬೇಕು. ರೀಕಾಲ್ ಕೆಲಸ ಆಗಿದೆಯೇ ಎಂಬುದೂ ಮುಖ್ಯ. ಚಾರ್ಜಿಂಗ್ ನಿಯಂತ್ರಣ ಘಟಕದ ದೋಷಕ್ಕಾಗಿ 2024ರಲ್ಲಿ ಭಾರತದಲ್ಲೇ ಹ್ಯುಂಡೈ ಐಯಾನಿಕ್ 5 ಮತ್ತು ಕಿಯಾ ಇವಿ6 ಕಾರುಗಳನ್ನು ಹಿಂದಕ್ಕೆ ಕರೆಸಲಾಗಿತ್ತು.

ಜೈನ ಮನೆಗಳು ಕೇಳಲೇಬೇಕಾದ ಪ್ರಶ್ನೆ ಚರ್ಮದ್ದು. ಎಲೆಕ್ಟ್ರಿಕ್ ಎಂದ ಮಾತ್ರಕ್ಕೆ ಸೀಟು ಅಹಿಂಸೆಯದಾಗುವುದಿಲ್ಲ. ಮರ್ಸಿಡಿಸ್ ‘ಆರ್ಟಿಕೋ’ ಎನ್ನುವುದು ಕೃತಕ ಹೊದಿಕೆ. ಬಿಎಂಡಬ್ಲ್ಯು ಐಎಕ್ಸ್‌ನ ಕೆಲವು ಕಾರುಗಳಲ್ಲಿರುವ ‘ಆಲಿವ್ ಎಲೆ’ಯ ಸೀಟು ಹೆಸರಿಗೆ ಸಸ್ಯದಂತೆ ಕೇಳಿಸಿದರೂ ನಿಜವಾದ ಚರ್ಮವೇ, ಆಲಿವ್ ಎಲೆಯ ಸಾರ ಬಳಸಿರುವುದು ಅದನ್ನು ಹದಗೊಳಿಸಲು ಮಾತ್ರ. ಸೀಟು ಕೃತಕವಾಗಿದ್ದರೂ ಸ್ಟೀರಿಂಗ್ ಹೊದಿಕೆ ಚರ್ಮದ್ದಾಗಿರಬಹುದು. ಕೊಂಡ ಮೇಲೆ ಹೊದಿಕೆ ಬದಲಿಸಿದರಾಯಿತು ಎನ್ನುವವರು ಒಂದು ಗಮನಿಸಬೇಕು: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುತ್ತದೆ. ಅದನ್ನು ಅರಿಯದೆ ಮೇಲೆ ಗಟ್ಟಿ ಕವರ್ ಹೊಲಿಸಿದರೆ ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಸರಿಯಾಗಿ ತೆರೆಯದೇ ಹೋಗಬಹುದು.

ಮನೆಯ ಚಾರ್ಜಿಂಗ್ ಮೊದಲೇ ಯೋಚಿಸಿಡಬೇಕು. ಸಾಧಾರಣ 15 ಆಂಪಿಯರ್ ಪ್ಲಗ್ಗಿನಲ್ಲಿ 80 ಯುನಿಟ್ ತುಂಬಲು ಒಂದು ಹಗಲು, ಒಂದು ರಾತ್ರಿಯೂ ಸಾಲದು. 7.4 ಕಿಲೋವ್ಯಾಟ್ ಚಾರ್ಜರ್‌ಗೆ 11 ಗಂಟೆ ಬೇಕು, ಅದಕ್ಕೆ ಬೆಸ್ಕಾಂ ಅಥವಾ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾದೀತು. ಕಾರಿನೊಂದಿಗೆ ಬಂದಿದ್ದ ಚಾರ್ಜಿಂಗ್ ಕೇಬಲ್ ಕೈಗೆ ಬಂದಿದೆಯೇ ನೋಡಿಕೊಳ್ಳಬೇಕು.

ಇನ್ನು ತೆರಿಗೆ. ದೆಹಲಿ, ಮುಂಬೈಯಲ್ಲಿ ಅಗ್ಗವೆಂದು ತರುವವರು ಮರೆಯುವುದು ಇದನ್ನೇ. 2024ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 10 ಜೀವಾವಧಿ ತೆರಿಗೆ ಬಂದಿದೆ. ಹೊರರಾಜ್ಯದ ಕಾರಿಗೆ ಇಲ್ಲಿ ಎಷ್ಟು ಕಟ್ಟಬೇಕೆಂದು ಆರ್‌ಟಿಒದಲ್ಲಿ ಕೇಳಿಕೊಂಡ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು. ನೋಂದಾಯಿತ ಡೀಲರ್ ಮಾರಿದರೆ ಅವರ ಲಾಭಾಂಶದ ಮೇಲೆ ಶೇ. 18 ಜಿಎಸ್‌ಟಿ ಇದೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಇಲ್ಲ. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವಂತಿಲ್ಲ, ಪರಿಚಯದವರ ವ್ಯವಹಾರವಾದರೂ ಬ್ಯಾಂಕ್ ಮೂಲಕವೇ ಆಗಬೇಕು. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಹೊರರಾಜ್ಯದ ಕಾರಿಗೆ ಫಾರಂ 28. ವಿಮೆಯನ್ನು 14 ದಿನಗಳೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ. ಅವರ ಮೊಬೈಲ್ ಆ್ಯಪ್‌ನಿಂದ ಕಾರನ್ನು ಎದುರಿಗೇ ತೆಗೆಸಬೇಕು. ಇಲ್ಲದಿದ್ದರೆ ಕಾರು ಎಲ್ಲಿದೆ ಎಂಬುದು ಮಾರಿದವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.