ಬಸವಣ್ಣನ ತಲೆಯಾಡಿಕೆ, ಎಮ್ಮೆಯ ಮುನಿಸು, ಇಲಿಯ ಜಾಣತನ



ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಿಗೆ ಕೌಲೆತ್ತಿನವರು ಬರುವುದುಂಟು. ಮೊದಲಿನಷ್ಟು ಈಗ ಬರುವುದಿಲ್ಲ. ಆದರೂ ಬಂದ ದಿನ ಓಣಿಯ ಹುಡುಗರೆಲ್ಲ ಅದರ ಬೆನ್ನು ಹತ್ತುತ್ತಾರೆ. ಬಣ್ಣದ ಜೂಲು ಹೊದ್ದು, ಕೋಡಿಗೆ ಗೊಂಡೆ ಕಟ್ಟಿಸಿಕೊಂಡ ಎತ್ತು ಗೌಡರ ಕಟ್ಟೆಯ ಮುಂದೆ ನಿಲ್ಲುತ್ತದೆ. "ಈ ವರ್ಷ ಮಳಿ ಚಲೋ ಆಗತೈತೇನೋ ಬಸವಣ್ಣ?" ಎಂದು ಅದರ ಯಜಮಾನ ಕೇಳುತ್ತಾನೆ. ಬಸವಣ್ಣ ಹೌದೆಂದು ಗೋಣು ಹಾಕುತ್ತದೆ. "ಈ ಮನಿಯವರು ನಿನ್ನ ಬರಿಗೈಲೆ ಕಳಸತಾರೇನು?" ಎಂದರೆ ಇಲ್ಲವೆಂದು ಅಡ್ಡಡ್ಡ ತಲೆಯಾಡಿಸುತ್ತದೆ. ನೆರೆದವರು ನಗುತ್ತಾರೆ, ಒಳಗಿನಿಂದ ಮೊರದ ತುಂಬ ಜೋಳ ಬರುತ್ತದೆ.

ಎತ್ತಿಗೆ ಮಾತು ತಿಳಿಯಿತೇ? ಮಳೆಯ ಸುದ್ದಿ ಅದಕ್ಕೆ ಹೇಗೆ ಗೊತ್ತು? ನಮ್ಮ ಹಿರಿಯರು ದೈವವೆಂದರು, ಓದಿದ ಹುಡುಗರು ಬರೀ ಮೋಸವೆಂದು ತಳ್ಳಿಹಾಕಿದರು. ಎರಡೂ ಸರಿಯಲ್ಲ. ಇಂಥದೇ ಒಂದು ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ ಜರ್ಮನಿಯಲ್ಲಿ ಬಿಡಿಸಿದ ಕಥೆಯೊಂದಿದೆ. ಅದನ್ನು ಕೇಳಿದರೆ ನಿಮ್ಮ ಕೊಟ್ಟಿಗೆಯ ದನಕ್ಕೂ ಹೊಲದ ಇಲಿಗೂ ಸಂಬಂಧಿಸಿದ ಹಲವು ಸಂಗತಿ ಬಿಚ್ಚಿಕೊಳ್ಳುತ್ತವೆ.

ಬರ್ಲಿನ್ ಪಟ್ಟಣದಲ್ಲಿ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತದ ಮಾಸ್ತರರಿದ್ದರು. ಹಾನ್ಸ್ ಎಂಬ ತಮ್ಮ ಕುದುರೆಗೆ ಅವರು ಹಲವು ವರ್ಷ ಲೆಕ್ಕ ಕಲಿಸಿದರು. ಐದು ಮತ್ತು ಮೂರು ಎಷ್ಟು ಎಂದು ಕೇಳಿದರೆ ಹಾನ್ಸ್ ಗೊರಸಿನಿಂದ ನೆಲವನ್ನು ಎಂಟು ಸಲ ತಟ್ಟಿ ನಿಲ್ಲುತ್ತಿತ್ತು. ಮಾಸ್ತರರು ಊರಲ್ಲಿಲ್ಲದಾಗಲೂ, ಬೇರೆಯವರು ಕೇಳಿದರೂ ಉತ್ತರ ಸರಿಯೇ. 1904ರಲ್ಲಿ ಪಂಡಿತರ ಒಂದು ಮಂಡಳಿ ಬಂದು ನೋಡಿ, ಮೋಸವೇನೂ ಕಾಣುವುದಿಲ್ಲವೆಂದು ಬರೆದುಕೊಟ್ಟಿತು. ಆಮೇಲೆ ಫುಂಗ್‌ಸ್ಟ್ ಎಂಬ ತರುಣ ಸಂಶೋಧಕ ತಾಳ್ಮೆಯಿಂದ ಪರೀಕ್ಷೆ ಮಾಡುತ್ತ ಹೋದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಏರ್ಪಾಡು ಮಾಡಿದಾಗ ಕುದುರೆ ತಪ್ಪಿತು. ಕೇಳುವವನು ಕಣ್ಣಿಗೆ ಬೀಳದಂತೆ ಮಾಡಿದಾಗಲೂ ತಪ್ಪಿತು. ಪ್ರಶ್ನೆ ಕೇಳಿದವನು ತಟ್ಟುವ ಗೊರಸನ್ನು ನೋಡಲು ತನಗರಿಯದೇ ತಲೆಯನ್ನು ತುಸು ಬಾಗಿಸುತ್ತಿದ್ದ. ಸರಿಯಾದ ಎಣಿಕೆ ಬಂದ ಕೂಡಲೆ, ಎಳ್ಳುಕಾಳಿನಷ್ಟು, ತಲೆ ಮೇಲೇಳುತ್ತಿತ್ತು. ಕುದುರೆ ಓದುತ್ತಿದ್ದುದು ಅದನ್ನು! ಲೆಕ್ಕ ಅದಕ್ಕೆ ಬರುತ್ತಿರಲಿಲ್ಲ, ಮನುಷ್ಯರು ಬರುತ್ತಿದ್ದರು. ಗುಟ್ಟು ತಿಳಿದ ಮೇಲೂ ಆ ಸಣ್ಣ ಅಲುಗಾಟವನ್ನು ತಡೆದುಕೊಳ್ಳುವುದು ಫುಂಗ್‌ಸ್ಟನಿಗೆ ಕಷ್ಟವಾಯಿತಂತೆ. 1907ರಲ್ಲಿ ಆತ ಇದನ್ನೆಲ್ಲ ಪುಸ್ತಕ ಮಾಡಿ ಪ್ರಕಟಿಸಿದ.

ನಮ್ಮ ಕೌಲೆತ್ತಿನವನಿಗೆ ಗುಟ್ಟು ಗೊತ್ತಿದೆ, ಬರ್ಲಿನ್ ಮಾಸ್ತರರಿಗೆ ಗೊತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ. ಹಗ್ಗದ ಒಂದು ಜಗ್ಗು, ದನಿಯ ಏರಿಳಿತ, ಕೈಯ ಸನ್ನೆ, ಇವುಗಳಿಗೆ ತಕ್ಕಂತೆ ಗೋಣು ಹಾಕುವುದನ್ನು ಎಳೆಯ ಹೋರಿಗೆ ತಿಂಗಳುಗಟ್ಟಲೆ ಕಲಿಸಿರುತ್ತಾರೆ. ಅದು ಒಂದು ವಿದ್ಯೆ. ಆದುದರಿಂದ ಅವನ ಗುಟ್ಟನ್ನು ನಾಲ್ಕು ಜನರ ಮುಂದೆ ಬಯಲು ಮಾಡಲು ಹೋಗಬೇಡಿ. ಅವನ ಪಾಲಿನ ಜೋಳ ಅವನಿಗೆ ಸಲ್ಲತಕ್ಕದ್ದೇ. (ಮಗ್ಗಿ ಒಪ್ಪಿಸುವಾಗ ಮಾಸ್ತರರ ಹುಬ್ಬು ನೋಡಿ ಉತ್ತರ ತಿದ್ದಿಕೊಳ್ಳುವ ಮಕ್ಕಳನ್ನು ನೀವು ಕಂಡಿರಬಹುದು. ಆ ಮಗುವೂ ಹಾನ್ಸನ ದಾರಿಯನ್ನೇ ಹಿಡಿದಿದೆ.)

ನೀವು ಕಲಿಸಲು ಕೂತಾಗ ಮಾತ್ರ ದನ ಕಲಿಯುತ್ತದೆ ಎಂದು ತಿಳಿಯಬೇಡಿ. ಹಗಲೂ ರಾತ್ರಿ ಅದು ನಿಮ್ಮನ್ನು ಕಲಿಯುತ್ತಲೇ ಇರುತ್ತದೆ. ಇದರ ಲಾಭ ನಷ್ಟ ನೇರವಾಗಿ ಕಾಣುವುದು ಹಾಲಿನ ಚರಿಗೆಯಲ್ಲಿ.

ನಮ್ಮ ಭಾಗದ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದ ಮನ್ನಣೆ ದೊರೆಯಿತು. ಧಾರವಾಡದ ಫೇಡೆಗೆ ಹೆಸರು ತಂದದ್ದು ಇದರ ಹಾಲೇ. ಇಂಥ ಎಮ್ಮೆಯೊಂದನ್ನು ಸಂತೆಯಲ್ಲಿ ಕೊಳ್ಳುತ್ತೀರಿ ಎನ್ನಿ. ಮಾರುವವನು ನಿಮ್ಮ ಕಣ್ಣೆದುರಿಗೇ ಹಿಂಡಿ ತೋರಿಸಿರುತ್ತಾನೆ. ಮನೆಗೆ ತಂದು ಕಟ್ಟಿದ ಮೊದಲ ಸಂಜೆ ಅದು ಅರ್ಧ ಸೇರೂ ಕೊಡುವುದಿಲ್ಲ. ಮೋಸಹೋದೆವೆಂದು ನಿಮಗೆ ಸಿಟ್ಟು ಬರುತ್ತದೆ, ಎಮ್ಮೆಗೆ ಎರಡೇಟು ಬೀಳುತ್ತದೆ. ಮರುದಿನ ಇನ್ನೂ ಕಡಿಮೆ. ಮೂರನೆಯ ದಿನಕ್ಕೆ ಯಾರೋ ಸೂಜಿಮದ್ದಿನ ಶೀಸೆ ತಂದುಕೊಡುತ್ತಾರೆ. ಸಾಲ ಮಾಡಿ ತಂದ ಎಮ್ಮೆ ವಾರದೊಳಗೆ ಅರ್ಧ ಬೆಲೆಗೆ ಮತ್ತೆ ಸಂತೆಗೆ ಹೋದದ್ದನ್ನು ನೀವೂ ಕಂಡಿದ್ದೀರಿ.

ಇಲ್ಲಿ ನಡೆದದ್ದೇನು? ಕೆಚ್ಚಲೆಂದರೆ ಹಾಲು ತುಂಬಿಟ್ಟ ಕೊಡವಲ್ಲ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕೆಚ್ಚಲಿನ ಮೇಲ್ಭಾಗದ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಅಡಗಿರುತ್ತದೆ. ಕೈಗೆ ನೇರವಾಗಿ ಸಿಗುವುದು ಐದು ಪಾಲು ಮಾತ್ರ. ಆಕಳಿಗಿಂತ ಎಮ್ಮೆಯಲ್ಲಿ ಈ ಬಿಗಿ ಹೆಚ್ಚು. ಕರು ಮೊಲೆಗೆ ಬಾಯಿ ಹಾಕಿದಾಗ ಅಥವಾ ಪರಿಚಯದ ಕೈ ಕೆಚ್ಚಲು ತೊಳೆದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಅದು ಕೆಚ್ಚಲಿಗೆ ಬಂದು ಗುಳ್ಳೆಗಳನ್ನು ಹಿಂಡಿದಾಗಲೇ ನಾವು ತೊರೆ ಬಿಟ್ಟಿತು ಎನ್ನುವುದು. ಎಮ್ಮೆಗೆ ಇದಕ್ಕೆ ಎರಡು ನಿಮಿಷವೋ ಇನ್ನೂ ಹೆಚ್ಚೋ ಬೇಕು. ತೊರೆ ಬಿಟ್ಟ ಮೇಲೆ ಐದೆಂಟು ನಿಮಿಷಗಳಲ್ಲಿ ಹಿಂಡಿ ಮುಗಿಸಬೇಕು. ಆಮೇಲೆ ಆ ರಸದ ಪ್ರಭಾವ ಇಳಿಯುತ್ತದೆ.

ಈಗ ಕಲಿಕೆಯ ಮಾತು. ರಶಿಯಾದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗೆ ಆಹಾರ ಕೊಡುವ ಮೊದಲು ಒಂದು ಸಪ್ಪಳ ಕೇಳಿಸುತ್ತ ಬಂದ. ಕೆಲವು ದಿನಗಳ ಮೇಲೆ ಬರೀ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರತೊಡಗಿತು. ನಿಮ್ಮ ಎಮ್ಮೆಯೂ ಇದೇ ಬಗೆಯಲ್ಲಿ ಕಲಿತಿರುತ್ತದೆ. ಚರಿಗೆಯ ಸಪ್ಪಳ, ಗೋದಲಿಗೆ ಬಿದ್ದ ಹಿಂಡಿಯ ವಾಸನೆ, ಮನೆಯೊಡತಿಯ ಬಳೆಯ ದನಿ, ಇಷ್ಟಕ್ಕೇ ಅದು ಹಾಲು ಇಳಿಸಲು ಅಣಿಯಾಗುತ್ತದೆ. ಒಡತಿ ತವರಿಗೆ ಹೋದ ದಿನ ಗಂಡ ಅವಳ ಸೀರೆ ಹೊದ್ದು ಹಿಂಡಲು ಕೂತ ಸಂಗತಿ ಪ್ರತಿ ಊರಲ್ಲೂ ಒಂದಿರುತ್ತದೆ. ನಗಬೇಡಿ, ಅದರಲ್ಲಿ ಶಾಸ್ತ್ರವಿದೆ. ಸಂತೆಯಿಂದ ಬಂದ ಎಮ್ಮೆಗೆ ಈ ಗುರುತುಗಳೆಲ್ಲ ಒಂದೇ ದಿನದಲ್ಲಿ ಇಲ್ಲವಾಗಿರುತ್ತವೆ.

ಏಟು ಬಿದ್ದರೆ ಏನಾಗುತ್ತದೆಂಬುದನ್ನೂ ನೋಡಿದ್ದಾರೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬಿಬ್ಬರು ಹಿಂಡುವ ಹೊತ್ತಿಗೆ ಆಕಳುಗಳನ್ನು ಬೇಕೆಂದೇ ಬೆದರಿಸಿ ನೋಡಿದರು. ಹಾಲು ತಡೆಯಿತು. ಬೆದರಿಸದೆ, ಭಯ ಹುಟ್ಟಿದಾಗ ಮೈಯಲ್ಲಿ ಏಳುವ ಅಡ್ರಿನಲಿನ್ ರಸವನ್ನು ಸೂಜಿಯಿಂದ ಕೊಟ್ಟಾಗಲೂ ತಡೆಯಿತು. ಎಂದರೆ ಎಮ್ಮೆ "ಹಾಲು ಕದಿಯುತ್ತದೆ" ಎನ್ನುವ ನಮ್ಮ ಮಾತು ಪೂರಾ ಸರಿಯಲ್ಲ. ಬೆದರಿದ ಎಮ್ಮೆ ಕೊಡಬೇಕೆಂದರೂ ಕೊಡಲಾರದು.

ಹೊಸ ಎಮ್ಮೆ ತಂದವರು ಹೀಗೆ ಮಾಡಿ. ಕೊಳ್ಳುವಾಗ ಹಿಂಡುವ ವೇಳೆ, ಹಾಕುವ ಹಿಂಡಿ, ಯಾವ ಮಗ್ಗುಲಲ್ಲಿ ಕೂಡುತ್ತಿದ್ದರು, ಹಿಂಡುತ್ತಿದ್ದವರು ಗಂಡಸೋ ಹೆಂಗಸೋ ಎಂಬುದನ್ನು ಕೇಳಿಕೊಳ್ಳಿ. ಮೊದಲ ವಾರ ಅದೇ ಕ್ರಮ ನಡೆಸಿ. ಹಿಂಡಲು ಒಬ್ಬರೇ ಕೂಡಲಿ. ನಾಯಿ ಮತ್ತು ನೆರೆಮನೆಯ ಕುತೂಹಲದ ಜನ ದೂರವಿರಲಿ. ಬೆಚ್ಚನೆಯ ನೀರಿನಿಂದ ಕೆಚ್ಚಲು ತೊಳೆದು, ತೊರೆ ಬಿಡುವವರೆಗೆ ಕಾಯಿರಿ. ಹೆಚ್ಚಿನ ಎಮ್ಮೆಗಳು ಕೆಲವೇ ದಿನಗಳಲ್ಲಿ ಹೊಸ ಕೈಗೆ ಒಗ್ಗುತ್ತವೆ. ಹಾಗಾಗದಿದ್ದರೆ ಕೆಚ್ಚಲುಬಾವು ಇದೆಯೇ ಎಂದು ಪಶುವೈದ್ಯರಿಗೆ ತೋರಿಸಿ. ಸೂಜಿಮದ್ದಿನ ಮಾತು ಬೇಡ. ದಿನಾಲು ಚುಚ್ಚಿದರೆ ಎಮ್ಮೆ ಸೂಜಿಯನ್ನೇ ಗುರುತಾಗಿ ಹಿಡಿಯುತ್ತದೆ. ಆಮೇಲೆ ಕರು ಬಿಟ್ಟರೂ ಹಾಲು ಇಳಿಯದಾಗುತ್ತದೆ. ಅಲ್ಲದೆ, ಹಾಲು ಹೆಚ್ಚಿಸಲು ದನದ ಆರೋಗ್ಯಕ್ಕೆ ಹಾನಿಯಾಗುವಂಥ ಮದ್ದು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯದೆಯ 12ನೆಯ ಕಲಮಿನಂತೆ ಅಪರಾಧ.

ಎತ್ತಿನ ವಿಷಯದಲ್ಲಿ ಒಂದು ಮಾತು. ಚಕ್ಕಡಿ ಹೂಡಿದ ಹೊಸ ಹೋರಿ ದಾರಿಯಲ್ಲಿ ಗಿಡದ ನೆರಳಿಗೋ ಮಡುವಿನ ನೀರಿಗೋ ಗಕ್ಕನೆ ನಿಲ್ಲುತ್ತದೆ. ನಾವು ಬಾರುಕೋಲು ಎತ್ತುತ್ತೇವೆ. ದನದ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು ಸುತ್ತೆಲ್ಲ ಅದಕ್ಕೆ ಕಾಣುತ್ತದೆ. ಆದರೆ ಎರಡೂ ಕಣ್ಣು ಕೂಡಿ ನೋಡುವ ಜಾಗ ಕಿರಿದು. ಆದುದರಿಂದ ನೆಲದ ಮೇಲಿನ ಕಪ್ಪು ಪಟ್ಟೆ ನೆರಳೋ ಗುಂಡಿಯೋ ಎಂಬುದು ತಲೆ ತಗ್ಗಿಸಿ ನಿಂತು ನೋಡಿದಲ್ಲದೆ ತಿಳಿಯದು. ಹಗ್ಗ ಸಡಿಲು ಬಿಟ್ಟು ನೋಡಗೊಡಿ, ತಾನೇ ದಾಟುತ್ತದೆ. ಅಲ್ಲಿಯೇ ಏಟು ಕೊಟ್ಟಿರೋ, ಆ ಜಾಗದಲ್ಲಿ ನೋವಾಗುತ್ತದೆ ಎಂದು ಕಲಿತು ನಾಳೆಯೂ ಅಲ್ಲೇ ನಿಲ್ಲುತ್ತದೆ. ಹೊಸ ಹೋರಿಯನ್ನು ಅನುಭವದ ಎತ್ತಿನ ಜೋಡಿ ನೊಗಕ್ಕೆ ಕಟ್ಟುವ ಹಿರಿಯರ ಪದ್ಧತಿ ಅತ್ಯುತ್ತಮವಾದುದು. ಕೆಂಪು ಬಟ್ಟೆಗೆ ಹೋರಿ ಕೆರಳುತ್ತದೆಂಬುದು ಮಾತ್ರ ಸುಳ್ಳು. ಬಣ್ಣ ಗುರುತಿಸುವ ಕೋಶ ನಮ್ಮ ಕಣ್ಣಲ್ಲಿ ಮೂರು ಬಗೆ, ದನದ ಕಣ್ಣಲ್ಲಿ ಎರಡೇ. ಅದು ಬೆದರುವುದು ಬಟ್ಟೆಯ ಅಲುಗಾಟಕ್ಕೆ.

ಹೊಲದ ಬೆದರುಗೊಂಬೆಯೂ ಹೀಗೆಯೇ. ಮೊದಲ ಮೂರು ದಿನ ಗಿಳಿಗಳು ದೂರ. ನಾಲ್ಕನೆಯ ದಿನ ಅದರ ತಲೆಯ ಮೇಲೆಯೇ ಕೂತು ತೆನೆ ತಿನ್ನುತ್ತವೆ. ತೊಂದರೆ ಕೊಡದ ವಸ್ತುವನ್ನು ಮರೆತುಬಿಡುವುದೂ ಒಂದು ಕಲಿಕೆಯೇ. ಗೊಂಬೆಯನ್ನು ಕಾಳು ಹಾಲುಗಟ್ಟುವ ಹೊತ್ತಿಗೆ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ.

ಇನ್ನು ಇಲಿ. ಎರೆಹೊಲದವರಿಗೆ ಇದರ ಕಾಟ ಹೇಳಿಕೊಡಬೇಕಾಗಿಲ್ಲ. ಒಂದು ವರ್ಷ ಝಿಂಕ್ ಫಾಸ್ಫೈಡ್ ಇಟ್ಟರೆ ಹತ್ತಾರು ಸಾಯುತ್ತವೆ. ವಾರ ಬಿಟ್ಟು ಮತ್ತೆ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಆಗ ನಾವು ಅಂಗಡಿಯವನು ಕಲಬೆರಕೆ ಮದ್ದು ಕೊಟ್ಟನೆಂದು ಬಯ್ಯುತ್ತೇವೆ. ಮದ್ದು ಸರಿಯಾಗಿಯೇ ಇದ್ದೀತು. ಇಲಿ ಕಲಿತುಬಿಟ್ಟಿದೆ.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದನ್ನು ಹೊರಗೆ ಹಾಕಲಾರದ ಪ್ರಾಣಿ ತಿನ್ನುವ ಮೊದಲೇ ಎಚ್ಚರವಾಗಿರಬೇಕಷ್ಟೆ. ಹೊಸ ತಿನಿಸು ಕಂಡರೆ ಮೊದಲು ದೂರ ನಿಲ್ಲುತ್ತದೆ, ಆಮೇಲೆ ಚೂರೇ ಚೂರು ಕಚ್ಚುತ್ತದೆ. ಹೊಟ್ಟೆ ತೊಳಸಿದರೆ ಆ ರುಚಿಯನ್ನು ಬಹಳ ಕಾಲ ಮುಟ್ಟುವುದಿಲ್ಲ. 1966ರಲ್ಲಿ ಗಾರ್ಸಿಯಾ ಎಂಬ ವಿಜ್ಞಾನಿ ತನ್ನ ಸಂಗಡಿಗನೊಡನೆ ಒಂದು ಚೆಂದದ ಪರೀಕ್ಷೆ ಮಾಡಿದ. ಇಲಿಗಳಿಗೆ ಸಿಹಿನೀರು ಕುಡಿಸುವಾಗಲೇ ಬೆಳಕು ಮಿನುಗಿಸಿ ಸಪ್ಪಳ ಮಾಡಿದ. ಆಮೇಲೆ ಕೆಲವಕ್ಕೆ ಹೊಟ್ಟೆ ಕೆಡಿಸಿದ, ಕೆಲವಕ್ಕೆ ಕಾಲಿಗೆ ವಿದ್ಯುತ್ತಿನ ಹೊಡೆತ ಕೊಟ್ಟ. ಹೊಟ್ಟೆ ಕೆಟ್ಟ ಇಲಿಗಳು ಸಿಹಿಯನ್ನು ದೂರವಿಟ್ಟವು, ಬೆಳಕು ಸಪ್ಪಳಕ್ಕೆ ಅಂಜಲಿಲ್ಲ. ಹೊಡೆತ ತಿಂದವು ಬೆಳಕು ಸಪ್ಪಳಕ್ಕೆ ಅಂಜಿದವು, ಸಿಹಿನೀರು ಕುಡಿದವು. ಹೊಟ್ಟೆನೋವಿಗೆ ತಿಂದದ್ದೇ ಕಾರಣ, ಕಾಲುನೋವಿಗೆ ಕಂಡದ್ದು ಕೇಳಿದ್ದು ಕಾರಣ ಎಂಬ ಲೆಕ್ಕಾಚಾರ ಹುಟ್ಟಿನಿಂದಲೇ ಅದರ ತಲೆಯಲ್ಲಿದೆ. ಮದುವೆಯೂಟದಲ್ಲಿ ಬದನೆಕಾಯಿ ಎಣಗಾಯಿ ತಿಂದು ವಾಂತಿಯಾದವನು ವರ್ಷಗಟ್ಟಲೆ ಬದನೆಕಾಯಿ ಮುಟ್ಟುವುದಿಲ್ಲ. ಚಪ್ಪರವನ್ನೋ ವಾಲಗದವರನ್ನೋ ದೂರುವುದಿಲ್ಲ. ನಮ್ಮ ತಲೆಯೂ ಹಾಗೆಯೇ.

ಇದನ್ನು ತಿಳಿದು ಮದ್ದಿಡಬೇಕು. ಮೊದಲು ಹೊಲದ ಬದುವಿನ ಬಿಲಗಳನ್ನೆಲ್ಲ ಸಂಜೆ ಮಣ್ಣಿನಿಂದ ಮುಚ್ಚಿ. ಮರುದಿನ ತೆರೆದುಕೊಂಡವು ಇಲಿ ಇರುವ ಬಿಲಗಳು. ಎರಡು ಮೂರು ದಿನ ಆ ಬಿಲಗಳಲ್ಲಿ ಎಣ್ಣೆ ಸವರಿದ ಜೋಳದ ಅಥವಾ ಗೋವಿನಜೋಳದ ನುಚ್ಚನ್ನು ವಿಷವಿಲ್ಲದೆ ಇಡಿ. ಕಾಳು ದಂಡವಾಯಿತೆಂದು ಮರುಗಬೇಡಿ, ಇದು ನಿಶ್ಚಿಂತೆಯಿಂದ ತಿನ್ನಲು ಇಲಿಗೆ ಕಲಿಸುವ ಪಾಠ. ಆಮೇಲೆ 96 ಪಾಲು ಅದೇ ನುಚ್ಚು, 2 ಪಾಲು ಎಣ್ಣೆ, 2 ಪಾಲು ಝಿಂಕ್ ಫಾಸ್ಫೈಡ್ ಕಲಸಿ, ಬಿಲಕ್ಕೆ 10 ಗ್ರಾಮಿನಂತೆ ಕಾಗದದ ಪೊಟ್ಟಣ ಕಟ್ಟಿ ಒಳಗೆ ಇಳಿಸಿ. ಬರಿಗೈಯಿಂದ ಕಲಸಬೇಡಿ, ನೀರು ತಾಗಿಸಬೇಡಿ; ತೇವ ಸೋಕಿದರೆ ವಿಷದ ಗಾಳಿ ಏಳುತ್ತದೆ. ಈ ವಿಷಕ್ಕೆ ಪ್ರತಿಮದ್ದಿಲ್ಲ. ಮಕ್ಕಳು, ಕೋಳಿ, ನಾಯಿ ಆ ಕಡೆ ಸುಳಿಯದಿರಲಿ. ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿರಿ. ಒಬ್ಬನೇ ಮಾಡಿದರೆ ಪಕ್ಕದ ಬದುವಿನವು ಬಂದು ಖಾಲಿ ಬಿಲ ಸೇರುತ್ತವೆ. ಊರಿನ ಹೊಲವೆಲ್ಲ ಒಂದೇ ವಾರದಲ್ಲಿ ಆಗಬೇಕು.

ಉಳಿದ ಇಲಿಗಳಿಗೆ ಎರಡನೆಯ ಸಲ ಅದೇ ಮದ್ದು ಬೇಡ, ಅವು ಪಾಠ ಕಲಿತವು. ಅವುಗಳಿಗೆ ಬ್ರೊಮಾಡಿಯೋಲೋನ್ ಬಿಲ್ಲೆ ಇಡಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ನಿಧಾನ ವಿಷ. ತಿಂದ ಹಲವು ದಿನಗಳ ಮೇಲೆ ಇಲಿ ಸಾಯುವುದರಿಂದ, ಎಂದು ತಿಂದದ್ದರಿಂದ ಈ ಸಂಕಟ ಬಂತೆಂದು ಅದಕ್ಕೆ ಹೊಂದಿಸಲು ಬರುವುದಿಲ್ಲ. ಮೊದಲು ಬರೀ ನುಚ್ಚು ಇಡುವ ಕೆಲಸವೂ ಇದಕ್ಕೆ ಬೇಕಿಲ್ಲ. ಮಕ್ಕಳು ದನಕರುಗಳ ಎಚ್ಚರಿಕೆ ಮಾತ್ರ ಮೊದಲಿನಂತೆಯೇ ಇರಲಿ. ಬಿಲ್ಲೆ ಇಟ್ಟ ಎರಡು ವಾರಕ್ಕೆ ಮತ್ತೊಮ್ಮೆ ಬಿಲ ಮುಚ್ಚಿ, ಬೆಳಿಗ್ಗೆ ಎಷ್ಟು ತೆರೆದಿವೆ ಎಂದು ಎಣಿಸಿ ನೋಡಿ.